ಎದುರು ಕಂಪನಿಯ ಚಿಪ್‌ಗೆ ನಾನಿಟ್ಟ ಹೂ

ಚೆಂಡುಹೂ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೂವಿನದೇನೂ ತಪ್ಪಿಲ್ಲ, ಪಾಪ. ಆದರೆ ಹೂವಿನ ಮೇಲಾದರೂ ಕೋಪ ತೀರಿಸಿಕೊಳ್ಳದಿದ್ದರೆ ಇನ್ಯಾರ ಮೇಲೆ ತೀರಿಸಿಕೊಳ್ಳಲಿ? ನನ್ನ ಮ್ಯಾನೇಜರ್ ಮೇಲೆ ಎಂದರೆ ಆ ಮನುಷ್ಯ ಯಾವಾಗಲೂ ನಗುತ್ತಿರುತ್ತಾನೆ. ನಗುವವರ ಮುಂದೆ ಕೂಗಾಡಿದರೆ ಕೂಗಾಡಿದವರೇ ಹುಚ್ಚರ ಹಾಗೆ ಕಾಣುತ್ತಾರೆ. ಆತನಿಗೆ ಅದು ಚೆನ್ನಾಗಿ ಗೊತ್ತು.

ನಾನಿರುವುದು ಕಂಪ್ಯೂಟರಿನ ಪ್ರೊಸೆಸರ್ ಚಿಪ್‌ಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ. ಹೆಬ್ಬಾಳದ ಮೇಲ್ಸೇತುವೆ ಇಳಿದು ರಿಂಗ್ ರೋಡ್ ಹಿಡಿದರೆ ಸಿಗುವ ಗಾಜಿನ ಕಟ್ಟಡಗಳಲ್ಲಿ ಒಂದು. ನನ್ನ ಗಂಡ ಇರುವುದು ನಮ್ಮ ಎದುರಾಳಿ ಕಂಪನಿಯಲ್ಲಿ, ಅದೇ ರಸ್ತೆಯಲ್ಲಿ ಇನ್ನೆರಡು ಗೇಟು ಮುಂದೆ. ನಮ್ಮ ಆಫೀಸಿನಲ್ಲಿ ಅದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಎದುರು ಕಂಪನಿ’ ಎನ್ನುತ್ತಾರೆ, ಅಷ್ಟೆ. ನಾವೊಂದು ಚಿಪ್ ಬಿಟ್ಟರೆ ಅವರೊಂದು ಬಿಡುತ್ತಾರೆ. ಅವರು ಬಿಟ್ಟರೆ ನಮ್ಮ ಮೇಲಿನವರ ಮುಖ ಹುಳಿ ತಿಂದ ಹಾಗಾಗುತ್ತದೆ.

ಅಮೃತಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೊರಡುತ್ತೇವೆ. ನನ್ನ ಕೊರಳಲ್ಲಿ ಹಳದಿ ಪಟ್ಟಿಯ ಗುರುತಿನ ಚೀಟಿ, ಅವರ ಕೊರಳಲ್ಲಿ ನೇರಳೆ ಪಟ್ಟಿಯದು. ನಮ್ಮ ಗೇಟು ಹತ್ತಿರ ಬರುತ್ತಿದ್ದ ಹಾಗೆ ಅವರು ತಮ್ಮದನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ. ಆದರೂ ನಾನು ಇಳಿದು ಒಳಗೆ ಹೋಗುವಾಗ ಎದುರು ಕಂಪನಿಯ ಪಟ್ಟಿ ಯಾರ ಕಣ್ಣಿಗೂ ಬೀಳುವುದು ಬೇಡ ಎಂದು ಮೊದಲ ದಿನವೇ ತೆಗೆದರು, ಹನ್ನೊಂದು ವರ್ಷದಿಂದ ತೆಗೆಯುತ್ತಲೇ ಇದ್ದಾರೆ.

ಮನೆಯಲ್ಲಿ ಆಫೀಸಿನ ಮಾತಿಲ್ಲ. ಕೆಲಸದ ವಿಷಯ ಹೊರಗೆ ಬಾಯಿ ಬಿಡುವುದಿಲ್ಲವೆಂದು ಇಬ್ಬರೂ ನಮ್ಮ ನಮ್ಮ ಕಂಪನಿಗಳಿಗೆ ಸಹಿ ಹಾಕಿ ಕೊಟ್ಟಿದ್ದೇವೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅವರು ಯಾವ ಚಿಪ್ಪಿನ ಯಾವ ಭಾಗ ಮಾಡುತ್ತಾರೆಂದು ನನಗೆ ಗೊತ್ತಾಗುವುದು ಅವರ ಕಂಪನಿ ಅದನ್ನು ಜಗತ್ತಿಗೆಲ್ಲ ಹೇಳಿದ ಮೇಲೆ, ಎಲ್ಲರ ಹಾಗೆ ನಾನೂ ಫೋನಿನಲ್ಲಿ ಓದಿದಾಗ. ನಮ್ಮ ಜೊತೆಗಿರುವ ನಮ್ಮತ್ತೆಗೆ ಇದು ಶುದ್ಧ ಹುಚ್ಚಾಟ. ಅವರು ಚಿಕ್ಕಜಾಲದ ಕಡೆಯವರು, ಮನಸ್ಸಿನಲ್ಲಿದ್ದದ್ದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಓಡಾಡುವವರು.

"ಅಲ್ಲ ಕಣಮ್ಮ, ಗಂಡ ಎಂಡ್ತಿ ಇಬ್ರುದೂ ಒಂದೇ ಕಸುಬು. ಮನೇಗ್ ಬಂದ್ರೆ ಇಂಗೆ ಮೂಗ್ರಂಗೆ ಕುಂತ್ಕೋತೀರ. ಇದೆಂಥಾ ಸಂಸಾರನೋ ನಾ ಕಾಣೆ."

"ಸಹಿ ಹಾಕಿದ್ದೀವಿ ಅತ್ತೆ."

"ಮದ್ವೇಲಿ ಅಕ್ಷತೆ ಆಕಿದ್ದು ಲೆಕ್ಕಕ್ಕಿಲ್ವಾ?" ಎನ್ನುತ್ತಿದ್ದರು. 

ನನ್ನ ಕೆಲಸ ಏನೆಂದರೆ ಹೋಲಿಕೆ. ಎದುರು ಕಂಪನಿಯ ಚಿಪ್ ಇರುವ ಕಂಪ್ಯೂಟರನ್ನು ಎಲ್ಲರಂತೆ ಅಂಗಡಿಯಿಂದ ಕೊಂಡು ತಂದು, ನಮ್ಮದರ ಪಕ್ಕದಲ್ಲಿಟ್ಟು, ಎರಡಕ್ಕೂ ಒಂದೇ ಕೆಲಸ ಕೊಡುವುದು. ಯಾವುದು ಬೇಗ ಮುಗಿಸಿತು, ಯಾವುದು ಎಷ್ಟು ಕರೆಂಟು ತಿಂದಿತು, ಎಷ್ಟು ಬಿಸಿಯಾಯಿತು ಎಂದು ಬರೆದಿಡುವುದು. ಎಲ್ಲ ಕಂಪನಿಗಳೂ ಇದನ್ನು ಮಾಡುತ್ತವೆ, ಕಳ್ಳತನವೇನಲ್ಲ. ನಾನು ಬರೆದ ನಂಬರಿಗೆ ನಮ್ಮ ಆಫೀಸಿನಲ್ಲಿ ಒಂದು ಮರ್ಯಾದೆಯಿತ್ತು. ನಾವು ಸೋತಾಗ ಸೋತೆವು ಎಂದೇ ಬರೆದಿದ್ದೇನೆ, ಎಷ್ಟೋ ಸಲ. ಆಗೆಲ್ಲ ಮೇಲಿನವರು ಮುಖ ಗಂಟು ಹಾಕಿಕೊಂಡರೂ ನಂಬರನ್ನು ಮುಟ್ಟಲು ಯಾರೂ ಬಂದಿರಲಿಲ್ಲ.

ಆ ವರ್ಷ ಎದುರು ಕಂಪನಿಯವರು ಹೊಸ ಬಗೆಯ ಚಿಪ್ ಮಾರುಕಟ್ಟೆಗೆ ಬಿಟ್ಟಿದ್ದರು. ನಮ್ಮ ಚಿಪ್ಪಿನಲ್ಲಿ ಎಂಟು ಕೋರ್‌ಗಳು, ಎಂದರೆ ಕೆಲಸ ಮಾಡುವ ಎಂಟು ತಲೆಗಳು, ಎಂಟೂ ಒಂದೇ ಅಳತೆಯವು. ಅವರದರಲ್ಲಿ ಕೆಲವು ದೊಡ್ಡವು, ಕೆಲವು ಚಿಕ್ಕವು. ಮದುವೆಮನೆಯಲ್ಲಿ ಅನ್ನಕ್ಕೆ ದೊಡ್ಡ ಒಲೆ, ಕಾಫಿಗೆ ಚಿಕ್ಕ ಒಲೆ ಹೂಡುತ್ತಾರಲ್ಲ, ಹಾಗೆ. ಯಾವ ಕೆಲಸವನ್ನು ಯಾವ ಒಲೆಗೆ ಕಳಿಸಬೇಕು, ಬಿಸಿ ಏರಿದರೆ ಯಾವುದರ ಉರಿ ತಗ್ಗಿಸಬೇಕು ಎಂದು ತೀರ್ಮಾನಿಸುವ ಭಾಗವೇ ಅದರ ಜೀವಾಳ. ಅವರ ಕಂಪನಿಯ ಪ್ರಕಟಣೆಯಲ್ಲಿ ಆ ಭಾಗ ಮಾಡಿದವರ ಗುಂಪಿನ ಫೋಟೋ ಇತ್ತು. ಹಿಂದಿನ ಸಾಲಿನಲ್ಲಿ ನನ್ನ ಗಂಡ ನಿಂತಿದ್ದರು, ನಾನೇ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು. ನಾಲ್ಕು ವರ್ಷ ಊಟದ ಮೇಜಿನ ಮುಂದೆ ಎಲ್ಲೋ ನೋಡುತ್ತಾ ಸಾರಿಗೆ ಮೊಸರು ಕಲಸಿಕೊಳ್ಳುತ್ತಿದ್ದದ್ದು ಇದಕ್ಕೋಸ್ಕರ ಎಂದು ನನಗೆ ಅಂದು ಗೊತ್ತಾಯಿತು.

ಆ ಚಿಪ್ಪಿನ ಕಂಪ್ಯೂಟರು ನನ್ನ ಲ್ಯಾಬಿಗೆ ಬಂದ ವಾರವೇ ಆಯುಧಪೂಜೆ. ನಮ್ಮ ಆಫೀಸಿನಲ್ಲಿ ರಜೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಪೂಜೆ ಮುಗಿಸುತ್ತೇವೆ. ಲ್ಯಾಬಿನ ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ಕುಂಕುಮ ಹಚ್ಚಿ, ಹೂ ಇಟ್ಟು, ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ ಮನೆಗೆ ಹೋಗುವುದು. ವರ್ಷವೂ ಅದು ನನ್ನದೇ ಪಾರುಪತ್ಯ. ನಮ್ಮ ಚಿಪ್ಪಿನ ಬೋರ್ಡು ತೆರೆದ ಸ್ಟ್ಯಾಂಡಿನ ಮೇಲೆ ಬೆತ್ತಲೆ ಕೂತಿರುತ್ತದೆ, ಅದರ ಮೇಲೆ ಹೂ ಇಡುವ ಹಾಗಿಲ್ಲ, ಸ್ಟ್ಯಾಂಡಿನ ಕಾಲಿಗೆ ಒಂದು ಬೊಟ್ಟು ಕುಂಕುಮ ಇಟ್ಟೆ. ಎದುರು ಕಂಪನಿಯದು ಕಪ್ಪು ಕ್ಯಾಬಿನೆಟ್ಟಿನೊಳಗೆ ಮುಚ್ಚಿಕೊಂಡು ಬಂದಿತ್ತು. ಮ್ಯಾನೇಜರ್ ಪುರಿ ಮುಕ್ಕುತ್ತಾ ಪಕ್ಕದಲ್ಲೇ ನಿಂತಿದ್ದ.

"ಅದಕ್ಕೂ ಪೂಜೆನಾ ಮೇಡಂ? ಶತ್ರು ಸೈನ್ಯದ ಆಯುಧ ಕಣ್ರೀ ಅದು!"

"ಆಯುಧ ಯಾರದಾದ್ರೇನು ಸರ್," ಎಂದೆ. ನಕ್ಕು ಹೋದ.

ಆತ ಅತ್ತ ಹೋದ ಮೇಲೆ ಒಂದು ಮೊಳ ಚೆಂಡುಹೂವನ್ನು ಆ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಸುತ್ತಿ ಇಟ್ಟೆ. ಕಣ್ಣು ಮುಚ್ಚಿ ಕೈ ಮುಗಿದೆ. ನನ್ನ ಗಂಡ ಮಾಡಿದ ವಸ್ತು ನನ್ನ ಕೈಗೆ ಸಿಕ್ಕಿದ್ದು ಅದೇ ಮೊದಲು. ಮನೆಯಲ್ಲಿ ಬಾಯಿ ಬಿಟ್ಟು ‘ಚೆನ್ನಾಗಿ ಮಾಡಿದೀರ ರೀ’ ಎನ್ನಲಾರದವಳು ಅಲ್ಲಿ ಹೂವಿಟ್ಟೆ. ನೆತ್ತಿಯ ಮೇಲೆ ಗಾಳಿ ಆಡುವ ಜಾಲರಿಯಿತ್ತು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಹದಿನೇಳು ವರ್ಷ ಯಂತ್ರಗಳ ಜೊತೆ ಏಗಿದ ತಲೆ ಇದು, ಥೂ!

ರಜೆ ಮುಗಿಸಿ ಬರುವ ಹೊತ್ತಿಗೆ ಸ್ವಚ್ಛ ಮಾಡುವವರು ಒಣಗಿದ ಹೂಗಳನ್ನೆಲ್ಲ ಕಿತ್ತು ತೆಗೆದಿದ್ದರು. ಮುಂದಿನ ಮಂಗಳವಾರ ನಮ್ಮ ಹೊಸ ಚಿಪ್ಪಿನ ಬಿಡುಗಡೆ. ಎಲ್ಲರೂ ಅರ್ಧ ಗಂಟೆ ಓಡಿಸಿ ನೋಡುತ್ತಾರೆ, ನಾವು ನಾಲ್ಕು ಗಂಟೆ ಬಿಡದೆ ಓಡಿಸಿ ಹೋಲಿಸೋಣ ಎಂದು ಮ್ಯಾನೇಜರ್ ಹಟ ಹಿಡಿದ. ಓಡಿಸಿದೆವು. ಮೊದಲರ್ಧ ಗಂಟೆ ಎರಡೂ ಸರಿಸಮ. ಆಮೇಲೆ ಎದುರು ಕಂಪನಿಯದು ಬಿಸಿ ಏರುತ್ತಾ ಹೋಯಿತು. ಚಿಪ್ ವಿಪರೀತ ಬಿಸಿಯಾದರೆ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದೂ ತಗ್ಗಿಸಿಕೊಂಡಿತು, ಮತ್ತೆ ಮತ್ತೆ ತಗ್ಗಿಸಿಕೊಂಡಿತು. ಕೊನೆಗೆ ನಮ್ಮದು ಎಷ್ಟೋ ಮುಂದೆ.

ಈಗ ಸುಳ್ಳು ಹೇಳಿ ಏನಾಗಬೇಕು? ಒಳಗೊಳಗೇ ನನಗೆ ಖುಷಿಯಾಯಿತು. ಗಂಡನ ಚಿಪ್ಪನ್ನು ನಮ್ಮ ಚಿಪ್ ಸೋಲಿಸಿತು ಎಂದು. ನಾಲ್ಕು ವರ್ಷ ಮೇಜಿನ ಮುಂದೆ ಮೌನವಾಗಿ ಕೂತವರ ಮೇಲೆ ನನಗೂ ಸಿಟ್ಟಿತ್ತಲ್ಲ. ಆ ಖುಷಿಯೇ ನನ್ನ ಕಣ್ಣು ಕಟ್ಟಿತು. ಪ್ರತಿ ಹೋಲಿಕೆಗೂ ಒಂದು ಹಾಳೆಯಿದೆ, ಅದರ ಮೊದಲ ಸಾಲೇ ‘ಯಂತ್ರವನ್ನು ತೆರೆದು ಒಳಗೆ ನೋಡಲಾಗಿದೆ’. ಹೊಸದಾಗಿ ಕೊಂಡ ಯಂತ್ರ, ತೆರೆದು ನೋಡುವುದೇನಿದೆ ಎಂದು ನೋಡದೆಯೇ ಸರಿ ಗುರುತು ಹಾಕಿದೆ. ಕೆಳಗೆ ನನ್ನ ಸಹಿ.

"ಸೂಪರ್ ಮೇಡಂ! ಇದೇ ಬೇಕಿತ್ತು ನಮಗೆ," ಎಂದು ಮ್ಯಾನೇಜರ್ ಮೇಜು ಕುಟ್ಟಿದ.

"ಅವರದ್ದು ಇನ್ನೊಂದು ಮಷೀನ್ ಬರೋದಿದೆ ಸರ್. ಅದರಲ್ಲೂ ಒಂದ್ಸಲ ಓಡಿಸಿ ನೋಡ್ಬಿಡೋಣ. ಎರಡರಲ್ಲಿ ನೋಡ್ಬೇಕು ಅಂತ ತಾನೇ ರೂಲು?"

"ಮಂಗಳವಾರ ಬಿಡುಗಡೆ ಇಟ್ಕೊಂಡು ಮಷೀನಿಗೆ ಕಾಯ್ಕೊಂಡ್ ಕೂರೋಕಾಗುತ್ತಾ? ನಿಮ್ಮ ಸಹಿ ಇದ್ಯಲ್ಲ, ಸಾಕು ಬಿಡಿ."

ಮಂಗಳವಾರ ದೊಡ್ಡ ಪರದೆಯ ಮೇಲೆ ನನ್ನ ನಂಬರು ಬಂತು. ‘ಅರ್ಧ ಗಂಟೆಯ ನಂತರ ಯಾರು ಉಳಿಯುತ್ತಾರೆ?’ ಎಂದು ದಪ್ಪಕ್ಷರದಲ್ಲಿ ಬರೆದು, ಎದುರು ಕಂಪನಿಯ ಗೆರೆ ಕೆಳಗೆ ಕೆಳಗೆ ಇಳಿಯುವುದನ್ನು ತೋರಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಆ ಶನಿವಾರ ನಾನು, ನನ್ನ ಗಂಡ ಯಲಹಂಕದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದವರು ಬರುವಾಗ ಬೇಕರಿಯ ಮುಂದೆ ನಿಂತೆವು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ಟೀ ಕುಡಿಯುತ್ತಿದ್ದರು. ಒಬ್ಬನಿಗೆ ಹೊಸ ಕಂಪ್ಯೂಟರ್ ಕೊಳ್ಳಬೇಕಿತ್ತು.

"ಮಗಾ, ಅದನ್ನ ಮಾತ್ರ ತಗೋಬೇಡ ಕಣೋ," ಎಂದು ಇನ್ನೊಬ್ಬ ಎದುರು ಕಂಪನಿಯ ಚಿಪ್ಪಿನ ಹೆಸರು ಹೇಳಿದ. "ಇಸ್ತ್ರಿ ಪೆಟ್ಟಿಗೆ ಗುರು ಅದು. ಮೇಲೆ ದೋಸೆ ಹುಯ್ಕೋಬೋದು. ವಿಡಿಯೋ ನೋಡಿಲ್ವಾ? ಯಾವನ್ ಮಾಡಿದ್ನೋ ಅದನ್ನ!"

ಯಾವನ್ ಮಾಡಿದ್ನೋ ಅವರು ನನ್ನ ಪಕ್ಕದಲ್ಲೇ ಪಫ್ಸ್ ಹಿಡಿದುಕೊಂಡು ನಿಂತಿದ್ದರು.  ಅರ್ಧ ತಿಂದದ್ದನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಕಾರಿನ ಕಡೆ ನಡೆದರು.  ಜಕ್ಕೂರು ದಾಟಿದ ಮೇಲೆ ಸ್ಟಿಯರಿಂಗ್ ನೋಡುತ್ತಲೇ, "ಮುಂದಿನ ವಾರ ಬಿಟ್ಟು ಸೋಮವಾರ ನನ್ನ ಭಾಗ ನನ್ನ ಕೈಯಿಂದ ಕಿತ್ಕೊಳ್ತಾರೆ ಕಣೆ," ಎಂದರು. ಹನ್ನೊಂದು ವರ್ಷದಲ್ಲಿ ಅವರು ಆಫೀಸಿನದೆಂದು ನನಗೆ ಹೇಳಿದ ಮೊದಲ ಮಾತು ಅದು. ಹೇಳಿದ್ದಕ್ಕೆ ತಪ್ಪಾಯಿತೆಂಬಂತೆ ಆಮೇಲೆ ಮತ್ತೆ ಬಾಯಿಗೆ ಬೀಗ.

ಉಳಿದದ್ದನ್ನು ನಾನೇ ಊಹಿಸಿಕೊಂಡೆ. ಚಿಪ್ ಬಿಸಿಯಾಗದಂತೆ ನೋಡಿಕೊಳ್ಳುವುದು ಅವರ ಭಾಗ, ಚಿಪ್ ಬಿಸಿಯಾಗುತ್ತದೆಂದು ಊರೆಲ್ಲ ಆಡಿಕೊಳ್ಳುತ್ತಿದೆ. ಅವರ ಲ್ಯಾಬಿನಲ್ಲಿ ಸರಿಯಾಗೇ ಓಡಿದ್ದರೂ ಈಗ ಅದನ್ನು ಯಾರು ನಂಬುತ್ತಾರೆ? ಮುಂದಿನ ಚಿಪ್ಪಿನಲ್ಲಿ ಆ ಭಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಅವರು ದಿನಾ ಸಂಜೆ ಮನೆಗೆ ಬಂದವರೇ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಹಿಂಬದಿಯಲ್ಲಿ ಲೆಕ್ಕ ಮಾಡುತ್ತಾ ಕೂತರು. ಆಫೀಸಿನ ಕಾಗದ ಮನೆಗೆ ತರುವ ಹಾಗಿಲ್ಲವಲ್ಲ, ಎಲ್ಲವೂ ನೆನಪಿನಿಂದಲೇ. ನಾನು ಕಾಫಿ ಇಟ್ಟರೆ ಹಾಳೆಯನ್ನು ಮಗುಚಿ ಇಡುತ್ತಿದ್ದರು. ಅದನ್ನು ನೋಡಿದಾಗ ನನಗೆ ಎಷ್ಟು ಕೋಪ ಬರುತ್ತಿತ್ತೆಂದರೆ, ಆ ಕಾಫಿಯನ್ನು ಹಾಳೆಯ ಮೇಲೇ ಸುರಿದುಬಿಡೋಣ ಅನ್ನಿಸುತ್ತಿತ್ತು. ನಾನೇನು ಕಳ್ಳಿಯಾ? ನಿಮ್ಮ ಹಾಳೆ ಕದ್ದು ಓಡಿಹೋಗುತ್ತೀನಾ?

ಬುಧವಾರ ಸಂಜೆ ಆಫೀಸಿನಿಂದ ನಾನು ತಡವಾಗಿ ಬಂದಾಗ ನಮ್ಮತ್ತೆ ಹಜಾರದಲ್ಲಿ ಕಾಲು ಚಾಚಿ ಕೂತು, ತಮ್ಮ ಕೋಣೆಯ ಟೇಬಲ್ ಫ್ಯಾನಿನ ಜಾಲರಿ ಬಿಚ್ಚಿ ಮುಂದಿಟ್ಟುಕೊಂಡಿದ್ದರು. ಹಬ್ಬದ ದಿನ ಅದಕ್ಕೂ ಅವರೇ ಹೂ ಇಟ್ಟಿದ್ದರು. ಅಂದಿನಿಂದ ಅದು ಗೊರಗೊರ ಎನ್ನುತ್ತಿತ್ತು.

"ನೋಡಮ್ಮ ಇಲ್ಲಿ," ಎಂದು ಫ್ಯಾನಿನ ನಡುಗಂಬಿಯಿಂದ ಏನನ್ನೋ ಎಳೆದು ತೋರಿಸಿದರು. "ಊವಿನ ನಾರು. ಸುತ್ಕೊಂಬಿಟ್ಟೈತೆ. ಅದಕ್ಕೇ ಇದು ಎಷ್ಟೊತ್ತು ತಿರುಗಿದ್ರೂ ಗಾಳೀನೇ ಇಲ್ಲ, ಬರೀ ಬಿಸಿ. ನಾನು ಫ್ಯಾನೇ ಕೆಟ್ಟೋಯ್ತು ಅನ್ಕಂಡು ಸುಮ್ನೆ ಬಯ್ತಾ ಇದ್ದೆ."

ಹೂ ಕಟ್ಟುವ ಬಾಳೆನಾರು. ಬ್ಯಾಗು ಕೆಳಗಿಟ್ಟು ಅದನ್ನು ಅವರ ಕೈಯಿಂದ ತೆಗೆದುಕೊಂಡು ನೋಡಿದೆ.

"ಏನಾಯ್ತಮ್ಮ?" ಎಂದರು. ಏನೂ ಇಲ್ಲ ಎಂದೆ. ಒಳಗೆ ಹಾಳೆಯ ಮೇಲೆ ಪೆನ್ನು ಓಡುತ್ತಿದ್ದ ಸದ್ದು ಕೇಳುತ್ತಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ ಆ ಕಪ್ಪು ಕ್ಯಾಬಿನೆಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಇತ್ತು. ಚಿಪ್ಪಿನ ಮೇಲಿನ ಫ್ಯಾನಿಗೆ ಬಾಳೆನಾರು ಮೂರು ಸುತ್ತು ಸುತ್ತಿಕೊಂಡಿತ್ತು. ಶಾಖ ಹೊರಹಾಕುವ ಲೋಹದ ಎಲೆಗಳ ನಡುವೆ ಒಣಗಿದ ಚೆಂಡುಹೂವಿನ ಎಸಳುಗಳು, ಕಪ್ಪಗೆ ಹುರಿದ ಹಾಗೆ. ಹೂ ಕಿತ್ತು ತೆಗೆದವರು ಎಳೆದ ರಭಸಕ್ಕೆ ನಾರು ತುಂಡಾಗಿ ಜಾಲರಿಯೊಳಗೆ ಬಿದ್ದಿತ್ತು. ಅವರ ತಪ್ಪಲ್ಲ. ಇಟ್ಟವಳು ನಾನು, ತೆರೆದು ನೋಡದೆ ನೋಡಿದೆ ಎಂದು ಬರೆದವಳೂ ನಾನು. ಅಷ್ಟು ಬಿಸಿ ಗಾಳಿಯಲ್ಲಿ, ಅರ್ಧ ನಿಂತ ಫ್ಯಾನಿನ ಕೆಳಗೆ, ಆ ಚಿಪ್ ನಾಲ್ಕು ಗಂಟೆ ಸುಟ್ಟುಹೋಗದೆ ಉಳಿದುಕೊಂಡಿತ್ತು. ಅದನ್ನು ಉಳಿಸಿದ್ದು ಯಾವುದು? ಉರಿ ತಗ್ಗಿಸುವ ಅದೇ ಭಾಗ. ನನ್ನ ಗಂಡನ ಭಾಗ. ಯಾವುದಕ್ಕೆ ಬೆನ್ನು ತಟ್ಟಬೇಕಿತ್ತೋ ಅದಕ್ಕೆ ನಾನು ಮಸಿ ಬಳಿದಿದ್ದೆ.

ಫೋಟೋ ತೆಗೆದೆ. ನಾರು ಬಿಡಿಸಿ, ಎಸಳು ತೆಗೆದು, ಮತ್ತೆ ನಾಲ್ಕು ಗಂಟೆ ಓಡಿಸಿದೆ. ಎದುರು ಕಂಪನಿಯ ಚಿಪ್ ಕೊನೆಯವರೆಗೂ ನಮ್ಮದರ ಹೆಗಲಿಗೆ ಹೆಗಲು ಕೊಟ್ಟು ಓಡಿತು. ಎರಡು ಕೆಲಸಗಳಲ್ಲಿ ನಮ್ಮದನ್ನು ಹಿಂದೆ ಹಾಕಿತು. ಹಾಳೆ ಹಿಡಿದುಕೊಂಡು ಮ್ಯಾನೇಜರ್ ಕೋಣೆಗೆ ಹೋದೆ.

"ಸರ್, ಆ ನಂಬರ್ ತಪ್ಪು. ಫ್ಯಾನಿಗೆ ಹೂವಿನ ನಾರು ಸುತ್ಕೊಂಡಿತ್ತು. ತೆರೆದು ನೋಡ್ದೆ ಸಹಿ ಹಾಕಿದ್ದು ನಾನು. ತಪ್ಪು ನಂದೇ. ವಾಪಸ್ ತಗೋಬೇಕು."

"ಹೂವಾ?" ಎಂದು ನಕ್ಕ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಏನ್ ಮೇಡಂ ನೀವು! ದೇವರೇ ನಮ್ ಕಡೆ ಇದ್ದಾನೆ ಅಂದ್ಕೊಳ್ಳಿ."

"ನಗೋ ವಿಷಯ ಅಲ್ಲ ಸರ್. ಸೋಮವಾರದೊಳಗೆ ತಿದ್ದಬೇಕು."

"ಯಾಕೆ, ಸೋಮವಾರ ಏನಿದೆ?"

ನಾಲಿಗೆ ಕಚ್ಚಿಕೊಂಡೆ. ಆತ ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಬಿಡಿ ಮೇಡಂ, ಆಗಿದ್ದಾಯ್ತು. ಹೋದ ಸಲ ಅವರು ನಮ್ಮ ಚಿಪ್ ಬಗ್ಗೆ ಏನೇನ್ ಹೇಳಿದ್ರು, ಮರೆತ್ರಾ?"

"ಅವರು ಹೇಳಿದ್ದು ನಿಜ ಇತ್ತು ಸರ್."

"ನೋಡಿ, ನಿಮ್ಮ ಯಜಮಾನ್ರು ಅಲ್ಲೇ ಅಲ್ವಾ ಇರೋದು?" ಎಂದು ಕುರ್ಚಿ ಹಿಂದಕ್ಕೆ ವಾಲಿಸಿ ಮೆತ್ತಗೆ ಹೇಳಿದ. "ಈಗ ನೀವಾಗೇ ಬಂದು ಅವರ ಚಿಪ್ ಚೆನ್ನಾಗಿದೆ, ನಂಬರ್ ತಪ್ಪು ಅಂದ್ರೆ, ನೋಡೋರು ಏನಂದ್ಕೋತಾರೆ? ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

 "ನನ್ನ ಗಂಡ ಎಲ್ಲಿದ್ದಾರೆ ಅಂತ ಹನ್ನೊಂದು ವರ್ಷದಿಂದ ಪ್ರತಿ ವರ್ಷ ಫಾರಂನಲ್ಲಿ ಬರ್ಕೊಡ್ತಿದೀನಿ ಸರ್. ನಂಬರ್ ನಿಮಗೆ ಬೇಕಾದ ಹಾಗೆ ಬಂದಾಗ ಆ ಫಾರಂ ಯಾಕ್ ನೆನಪಾಗ್ಲಿಲ್ಲ? ನಾನು ಗಂಡನಿಗೋಸ್ಕರ ಸುಳ್ಳು ಬರೆಯೋಳಾಗಿದ್ರೆ ಮೊದಲನೇ ಸಲವೇ ಬರೀತಿದ್ನಲ್ಲ!"

"ಕೂಗಾಡ್ಬೇಡಿ ಮೇಡಂ. ಎಲ್ಲರೂ ನೋಡ್ತಿದಾರೆ."

ಎಲ್ಲರೂ ನೋಡುತ್ತಿದ್ದರು, ನಿಜ. ಗಾಜಿನ ಕೋಣೆ ತಾನೆ. ನೋಡಲಿ, ಹಾಳಾಗಿ ಹೋಗಲಿ ಎಂದು ಇನ್ನೂ ನಾಲ್ಕು ಮಾತು ಆಡಿದೆ. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶುಕ್ರವಾರ ಕಾನೂನು ವಿಭಾಗಕ್ಕೂ ಮ್ಯಾನೇಜರ್‌ಗಿಂತ ಮೇಲಿನವರಿಗೂ ಎಲ್ಲವನ್ನೂ ಬರೆದು ಕಳಿಸಿದೆ. ಹೂ ಇಟ್ಟದ್ದು, ನೋಡದೆ ಗುರುತು ಹಾಕಿದ್ದು, ನಾರಿನ ಫೋಟೋ, ಹೊಸ ನಂಬರು, ಯಾವುದನ್ನೂ ಬಿಡಲಿಲ್ಲ. ‘ನಿಮ್ಮ ಪತ್ರ ತಲುಪಿದೆ, ಪರಿಶೀಲಿಸುತ್ತೇವೆ’ ಎಂದು ಸಂಜೆ ಉತ್ತರ ಬಂತು. ಫೋನ್ ಮಾಡಿದೆ. ಪರಿಶೀಲಿಸುತ್ತೇವೆ. ಎಷ್ಟು ದಿನ? ಪರಿಶೀಲಿಸುತ್ತೇವೆ. ಗಿಳಿಗೆ ಕಲಿಸಿದ್ದರೆ ಅದಾದರೂ ಇನ್ನೊಂದು ಮಾತು ಆಡುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾಗಿ ನಮ್ಮತ್ತೆ ಮಲಗಿದ್ದರು. ನನ್ನ ಗಂಡ ಮೇಜಿನ ಮುಂದೆ ಅದೇ ಕ್ಯಾಲೆಂಡರ್ ಹಾಳೆ ಹರವಿಕೊಂಡು ಕೂತಿದ್ದರು. ಮುಖ ಬತ್ತಿಹೋಗಿತ್ತು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಎಂದಿನಂತೆ ಹಾಳೆ ಮಗುಚಿದರು.

"ರೀ, ನಾನೊಂದು ವಿಷಯ ಹೇಳ್ಬೇಕು."

"ಆಫೀಸಿಂದಾ?"

"ಹೂಂ."

"ಬೇಡ."

"ನಿಮ್ಮ ಲೆಕ್ಕ ತಪ್ಪಿಲ್ಲ ರೀ. ಅದು..."

"ಬೇಡ ಅಂದ್ನಲ್ಲ!" ಎಂದು ಕೈ ಎತ್ತಿದರು. ಅವರು ನನ್ನ ಮೇಲೆ ದನಿ ಏರಿಸಿದ್ದು ಅಪರೂಪ. ಆಮೇಲೆ ಮೆತ್ತಗೆ, "ನಂಗೆ ಗೊತ್ತಾದ್ರೆ ನಾಳೆ ಮೀಟಿಂಗಲ್ಲಿ ಸುಮ್ನೆ ಕೂರಕ್ಕಾಗಲ್ಲ ಕಣೆ. ಬಾಯ್ ಬಿಡ್ತೀನಿ. ಯಾರ್ ಹೇಳಿದ್ದು ಅಂತ ಕೇಳ್ತಾರೆ. ಸಂಜೆ ಹೊತ್ತಿಗೆ ನಿನ್ನ ಕೆಲಸ ಹೋಗಿರುತ್ತೆ," ಎಂದರು.

"ಹೋದ್ರೆ ಹೋಗ್ಲಿ!"

"ನಂದು ಒಂದು ಭಾಗ ಹೋಗುತ್ತೆ ಅಷ್ಟೆ. ನಿಂದು ಪೂರ್ತಿ ಹೋಗುತ್ತೆ. ಸುಮ್ನಿರು."

ಸುಮ್ಮನಿದ್ದೆ. ಆ ಗಳಿಗೆಯ ಮೇಲೆ ನನಗಿರುವಷ್ಟು ಕೋಪ ಮ್ಯಾನೇಜರ್ ಮೇಲೂ ಇಲ್ಲ. ಅವರ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ, ನನ್ನ ಹೆದರಿಕೆಗೂ ಬೆಂಕಿ ಹಾಕ. ಒಂದೇ ಒಂದು ಮಾತು ಸಾಕಿತ್ತು. ಹೂ ಅಂದಿದ್ದರೆ ಸಾಕಿತ್ತು, ಉಳಿದದ್ದು ಅವರಿಗೆ ತಾನೇ ಹೊಳೆಯುತ್ತಿತ್ತು. ನನಗೂ ಕೆಲಸ ಬೇಕಾಗಿತ್ತು, ಅದಕ್ಕೇ ನಾಲಿಗೆ ಏಳಲಿಲ್ಲ. ಅವರು ಬೇಡ ಎಂದರು ಎಂಬ ನೆಪ ಸಿಕ್ಕಿತು, ಹಿಡಿದುಕೊಂಡೆ.

ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಅವರು ಎಂದಿನಂತೆ ನೇರಳೆ ಪಟ್ಟಿ ಕಳಚಿ ಜೇಬಿಗೆ ಹಾಕಿಕೊಂಡರು. ನಾನು ಇಳಿದೆ. ಸಂಜೆ ಅದೇ ಜಾಗದಲ್ಲಿ ಬಂದು ಹತ್ತಿಸಿಕೊಂಡರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಗೆ ಬಂದವರು ಕ್ಯಾಲೆಂಡರ್ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಹರಿದು, ಹಿತ್ತಲ ತೊಟ್ಟಿಗೆ ಹಾಕಿ ಬಂದರು. ನಮ್ಮತ್ತೆ, "ಯಾಕೋ, ಊಟ ಮಾಡಾಕಿಲ್ವಾ?" ಎಂದು ಮಗನನ್ನು ಎರಡು ಸಲ ಕೇಳಿದರು. ಹಸಿವಿಲ್ಲವಂತೆ.

ಅದಾದ ಹತ್ತನೆಯ ದಿನಕ್ಕೆ ನಮ್ಮ ಕಂಪನಿಯ ಜಾಲತಾಣದಲ್ಲಿ ತಿದ್ದುಪಡಿ ಬಂತು. ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: ಪರೀಕ್ಷಿಸಿದ ಯಂತ್ರದಲ್ಲಿ ಬಾಹ್ಯ ವಸ್ತು ಕಂಡುಬಂದ ಕಾರಣ ಹಿಂದಿನ ಹೋಲಿಕೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಅಷ್ಟೆ. ದೊಡ್ಡ ಪರದೆಯಿಲ್ಲ, ದಪ್ಪಕ್ಷರವಿಲ್ಲ. ಇಸ್ತ್ರಿ ಪೆಟ್ಟಿಗೆ ಎಂದ ಬೇಕರಿಯ ಹುಡುಗನಿಗೆ ಅದನ್ನು ಯಾರು ಓದಿ ಹೇಳುತ್ತಾರೆ? ಅದೇ ವಾರ ನನ್ನನ್ನು ಲ್ಯಾಬಿನಿಂದ ತೆಗೆದು ಇನ್ನೊಂದು ಕಟ್ಟಡದಲ್ಲಿ ಕೈಪಿಡಿ ತಿದ್ದುವ ಕೆಲಸಕ್ಕೆ ಹಾಕಿದರು. ಮನೆಯವರು ಎದುರು ಕಂಪನಿಯಲ್ಲಿರುವುದರಿಂದ ಹೋಲಿಕೆಯ ಕೆಲಸ ನನಗೆ ಸೂಕ್ತವಲ್ಲ ಎಂದು ಹನ್ನೊಂದು ವರ್ಷದ ನಂತರ ಅವರಿಗೆ ಹೊಳೆಯಿತಂತೆ. ಮ್ಯಾನೇಜರ್ ಬಾಗಿಲವರೆಗೆ ಬಂದು ನಗುತ್ತಾ ಕೈ ಕುಲುಕಿದ.

ಅಂದು ಸಂಜೆ ಊಟದ ಹೊತ್ತಿನಲ್ಲಿ ನನ್ನ ಗಂಡ ಫೋನನ್ನು ನನ್ನ ಕಡೆ ತಿರುಗಿಸಿದರು. ಆ ಇರುವೆ ಸಾಲು ಅವರಿಗೆ ಹೇಗೋ ಸಿಕ್ಕಿತ್ತು.

"ಇದು ಈಗ ಎಲ್ಲರಿಗೂ ಹೇಳಿರೋದು. ಈಗ ಕೇಳ್ಬೋದಲ್ಲ?" ಎಂದರು. "ಬಾಹ್ಯ ವಸ್ತು ಅಂದ್ರೆ ಏನೇ?"

"ಚೆಂಡುಹೂ," ಎಂದೆ. "ನಾರು ನಿಮ್ಮ ಫ್ಯಾನಿಗೆ ಸುತ್ಕೊಂಡಿತ್ತು. ಆಯುಧಪೂಜೆ ದಿನ ನಾನೇ ಇಟ್ಟಿದ್ದು. ನಿಮ್ಮ ಕೈಯಲ್ಲಿ ಆಗಿದ್ದು ಅಂತ ಇಟ್ಟೆ. ಆಮೇಲೆ ತೆರೆದು ನೋಡ್ದೆ ಸಹಿ ಹಾಕ್ದೆ. ಎಲ್ಲಾ ಮಾಡಿದ್ದು ನಾನೇ ರೀ."

ಬಯ್ಯಲಿ ಎಂದು ಕಾದೆ. ತಟ್ಟೆ ತಳ್ಳಿ ಎದ್ದುಹೋಗಲಿ ಎಂದು ಕಾದೆ. ಅವರು ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದರು.

"ನಿಮ್ಮ ಕಂಪನೀದಕ್ಕೂ ಇಟ್ಟಿದ್ಯಾ, ಹೂವು?"

"ಇಲ್ಲ. ಅದಕ್ಕೆ ಬರೀ ಕುಂಕುಮ."

"ನಮ್ಮ ಆಫೀಸಲ್ಲೂ ಅವತ್ತು ಪೂಜೆ ಮಾಡಿದ್ರು," ಎಂದರು. "ಕಾರು, ಲಿಫ್ಟು, ಪ್ರಿಂಟರ್‌ಗೆಲ್ಲ ಹೂ ಹಾಕಿದ್ರು. ನಮ್ ಚಿಪ್ ನೆನಪು ಯಾರಿಗೂ ಆಗ್ಲಿಲ್ಲ. ನಾಲ್ಕು ವರ್ಷ ಕೂತು ಮಾಡಿದ್ದಕ್ಕೆ ಹೂ ಇಟ್ಟೋಳು ನೀನೊಬ್ಳೇ ಕಣೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.